ಬೆಂಚ್ ಪ್ರೆಸ್: ರಾಡ್ ಕೆಳಗೆ ಮಲಗುವುದರಿಂದ ಹುಕ್ಕಿಗೆ ವಾಪಸ್ ಇಡುವವರೆಗೆ

ಕೋಲಾರದ ಎಪಿಎಂಸಿ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಲೆಕ್ಕ. ಸೀಸನ್ನಿನಲ್ಲಿ ಲೋಡಿಂಗ್ ಮಾಡುವ ಹುಡುಗರು ದಿನಕ್ಕೆ ಎಷ್ಟು ಬಾಕ್ಸ್ ಎತ್ತಿ ಲಾರಿಗೆ ಹಾಕುತ್ತಾರೋ ಅವರೇ ಎಣಿಸಿಕೊಂಡಿರುವುದಿಲ್ಲ. ಅಂಥ ಒಬ್ಬ ಹುಡುಗ ಕಳೆದ ಮುಂಗಾರಿನಲ್ಲಿ ನಮ್ಮ ಜಿಮ್ಮಿಗೆ ಸೇರಿದ. ಎರಡೆರಡು ಬಾಕ್ಸ್ ಎದೆಗಾನಿಸಿಕೊಂಡು ಓಡಾಡುವವನು. ಬೆಂಚಿನ ಮೇಲೆ ಮಲಗಿಸಿ 40 ಕೆಜಿ ಕೊಟ್ಟರೆ ರಾಡ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಾಡಿತು. ಐದನೇ ಸಲಕ್ಕೆ ಎದೆಯ ಮೇಲೆ ಕೂತದ್ದು ಏಳಲೇ ಇಲ್ಲ. ನಾನು ರಾಡ್ ಎತ್ತಿ ಬೆಂಚಿನ ಕಂಬದ ಹುಕ್ಕಿಗೆ ಹಾಕಿದೆ. ಅವನು ಎದ್ದು ಕೂತು ತನ್ನ ಅಂಗೈಗಳನ್ನೇ ನೋಡಿಕೊಂಡ. "ಅಣ್ಣಾ, ಮೂರು ಬಾಕ್ಸ್ ತೂಕಾನೂ ಇಲ್ವಲ್ಲ ಇದು?"

ಆ ಅಂಗೈಗಳನ್ನು ನಾನೂ ನೋಡಿದೆ. ಬೆರಳುಗಳ ನಡುಗಣ್ಣಿನ ಹತ್ತಿರ ಗಟ್ಟಿ ಕಾಯಿ ಕಟ್ಟಿತ್ತು, ಬಾಕ್ಸಿನ ಪ್ಲಾಸ್ಟಿಕ್ ಅಂಚು ದಿನವೂ ಕೂರುವ ಜಾಗ ಅದು. ಅಂಗೈಯ ಬುಡ ಮಾತ್ರ ಮೆತ್ತಗಿತ್ತು. ಅವನು ರಾಡನ್ನೂ ಬಾಕ್ಸಿನಂತೆಯೇ ಬೆರಳಲ್ಲಿ ಹಿಡಿದಿದ್ದ, ಮಣಿಕಟ್ಟು ಹಿಂದಕ್ಕೆ ಮುರಿದು ಬಿದ್ದಿತ್ತು. ಬಾಕ್ಸ್ ಹೊರುವಾಗ ಭುಜ ಮುಂದಕ್ಕೆ ಬಾಗುತ್ತದಲ್ಲ, ಬೆಂಚಿನ ಮೇಲೂ ಭುಜ ಹಾಗೇ ಮುಂದಕ್ಕೆ ಬಂದಿತ್ತು. ಶಕ್ತಿಗೆ ಕೊರತೆ ಇರಲಿಲ್ಲ. ಹೊರುವುದಕ್ಕೆ ಬೇಕಾದ ಮೈ ಬೇರೆ, ಮಲಗಿಕೊಂಡು ಒತ್ತುವುದಕ್ಕೆ ಬೇಕಾದ ಮೈ ಬೇರೆ. ಬೆಂಚ್ ಪ್ರೆಸ್ ಕಲಿಯುವುದು ಅಂದರೆ ಆ ಎರಡನೇ ಮೈಯನ್ನು ಕಟ್ಟಿಕೊಳ್ಳುವುದು. ಅದು ಕೈಯಿಂದ ಅಲ್ಲ, ಬೆನ್ನಿನಿಂದ ಶುರುವಾಗುತ್ತದೆ. ಹನ್ನೆರಡು ವರ್ಷದಿಂದ ಹುಡುಗರಿಗೆ, ಈಚೆಗೆ ಹುಡುಗಿಯರಿಗೂ, ಇದನ್ನು ಕಲಿಸುತ್ತಿದ್ದೇನೆ. ಅವನಿಗೆ ಹೇಳಿಕೊಟ್ಟ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಯಾವ್ಯಾವ ಸ್ನಾಯುಗಳಿಗೆ ಕೆಲಸ

ಓದುವ ಮೊದಲು ಒಂದು ನಿಮಿಷ ಎದ್ದು ಬಾಗಿಲ ಹತ್ತಿರ ನಿಲ್ಲಿ. ಬಲ ಅಂಗೈಯನ್ನು ಬಾಗಿಲ ಚೌಕಟ್ಟಿನ ಒಳಬದಿಗೆ ಇಟ್ಟು, ಕೈಯನ್ನು ಎದೆಯ ಮುಂದಕ್ಕೆ ತರುವವರಂತೆ ಒತ್ತಿ. ಎಡಗೈಯಿಂದ ಬಲ ಎದೆಯನ್ನು ಮುಟ್ಟಿ ನೋಡಿ. ಎದೆಮೂಳೆಯಿಂದ ಕಂಕುಳವರೆಗೆ ಬೀಸಣಿಗೆಯಂತೆ ಹರಡಿ ಗಟ್ಟಿಯಾದದ್ದು ಪೆಕ್ಟೊರಾಲಿಸ್ ಮೇಜರ್. ಜಿಮ್ಮಿನಲ್ಲಿ 'ಚೆಸ್ಟ್' ಅನ್ನುವುದು ಇದನ್ನೇ. ಇದರ ಒಂದು ಭಾಗ ಕೊರಳ ಮೂಳೆಯಿಂದ, ಇನ್ನೊಂದು ದೊಡ್ಡ ಭಾಗ ಎದೆಮೂಳೆ ಮತ್ತು ಪಕ್ಕೆಲುಬಿನ ಮೆಲ್ಲೆಲುಬುಗಳಿಂದ ಹೊರಡುತ್ತದೆ. ಎರಡೂ ಕೂಡಿ ತಿರುಚಿಕೊಂಡು ತೋಳಿನ ಮೇಲ್ಮೂಳೆಗೆ ಹೋಗಿ ಅಂಟುತ್ತವೆ. ತೋಳನ್ನು ಮೈಯ ಮುಂದಕ್ಕೆ, ನಡುಭಾಗದ ಕಡೆಗೆ ಎಳೆಯುವುದೇ ಇದರ ಕೆಲಸ. ಅದೇ ಚೌಕಟ್ಟಿನಲ್ಲಿ ಕೈಯನ್ನು ಹಣೆಯ ಕಡೆಗೆ ಓರೆಯಾಗಿ ಮೇಲಕ್ಕೆ ಒತ್ತಿದರೆ ಎದೆಯ ಮೇಲ್ಭಾಗ ಹೆಚ್ಚು ಗಟ್ಟಿಯಾಗುತ್ತದೆ, ಸೊಂಟದ ಕಡೆಗೆ ಒತ್ತಿದರೆ ಕೆಳಭಾಗ. ಬೆಂಚನ್ನು ಸುಮಾರು 30 ಡಿಗ್ರಿ ಎತ್ತಿ ಇನ್‌ಕ್ಲೈನ್ ಮಾಡುವುದು ಇದೇ ಕಾರಣಕ್ಕೆ. ಇನ್ನೂ ಹೆಚ್ಚು ನೆಟ್ಟಗೆ ಮಾಡುತ್ತಾ ಹೋದರೆ ಭಾರ ಎದೆಯಿಂದ ಭುಜಕ್ಕೆ ಸರಿಯುತ್ತದೆ.

ಎರಡನೆಯದು ಟ್ರೈಸೆಪ್ಸ್, ತೋಳಿನ ಹಿಂಬದಿಯ ಮೂರು ತಲೆಯ ಸ್ನಾಯು. ಮಡಿಸಿದ ಮೊಣಕೈಯನ್ನು ನೆಟ್ಟಗೆ ಮಾಡುವುದು ಇದು. ರಾಡ್ ಅರ್ಧ ದಾರಿ ದಾಟಿ ಕೈ ಪೂರ್ತಿ ಚಾಚುವವರೆಗೆ ಇದರ ಪಾಲು ಹೆಚ್ಚು, ಹಿಡಿತ ಕಿರಿದಾದಷ್ಟೂ ಇನ್ನೂ ಹೆಚ್ಚು. ತೋಳು ದಪ್ಪ ಆಗಬೇಕೆಂದು ದಿನಾ ಬೈಸೆಪ್ಸ್ ಮಾಡುವ ಹುಡುಗರು ಗಮನಿಸಲಿ: ತೋಳಿನ ಗಾತ್ರದಲ್ಲಿ ದೊಡ್ಡ ಪಾಲು ಹಿಂಬದಿಯ ಈ ಸ್ನಾಯುವಿನದು. ಮೂರನೆಯದು ಭುಜದ ಮುಂಭಾಗ, ಆಂಟೀರಿಯರ್ ಡೆಲ್ಟಾಯ್ಡ್.

ಈ ಮೂರೂ ರಾಡನ್ನು ಎತ್ತುವವು. ರಾಡ್ ಅಲ್ಲಾಡದಂತೆ ಹಿಡಿಯುವವು ಬೇರೆ ಇವೆ, ಅವುಗಳ ಹೆಸರು ಯಾರೂ ಹೇಳುವುದಿಲ್ಲ. ಭುಜದ ಗುಂಡನ್ನು ಅದರ ಬಟ್ಟಲಲ್ಲಿ ಹಿಡಿದಿಡುವ ನಾಲ್ಕು ಸಣ್ಣ ಸ್ನಾಯುಗಳ ಕಟ್ಟಿಗೆ ರೊಟೇಟರ್ ಕಫ್ ಅನ್ನುತ್ತಾರೆ. ಭುಜದ ಕೀಲು ಮೈಯಲ್ಲೇ ಹೆಚ್ಚು ತಿರುಗುವ ಕೀಲು. ಅದರ ಬಟ್ಟಲು ಆಳವಿಲ್ಲ, ಅಂಗೈ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದು ಜಾರದಂತೆ ಹಿಡಿಯುವ ಕೆಲಸದಲ್ಲಿ ಈ ನಾಲ್ಕಕ್ಕೆ ದೊಡ್ಡ ಪಾಲಿದೆ. ಬೆನ್ನಿನ ಅಗಲವಾದ ಲ್ಯಾಟ್ಸ್ ಸ್ನಾಯು ರಾಡ್ ಇಳಿಯುವಾಗ ತೋಳಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಹೊಟ್ಟೆ, ಪೃಷ್ಠ, ತೊಡೆ ಎಲ್ಲವೂ ಬಿಗಿಯಾಗಿ ಮೈಯನ್ನು ಬೆಂಚಿಗೆ ಕಟ್ಟಿಹಾಕುತ್ತವೆ.

ಗರಡಿ ಮನೆಯ ದಂಡಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ದಂಡ, ಪುಶ್‌ಅಪ್ ಮಾಡುವಾಗ ಬೆನ್ನಿನ ರೆಕ್ಕೆ ಮೂಳೆಗಳು ಸ್ವತಂತ್ರವಾಗಿ ಹಿಂದೆ ಮುಂದೆ ಜಾರುತ್ತವೆ, ಅದು ಭುಜಕ್ಕೆ ಒಳ್ಳೆಯದು. ಬೆಂಚಿನ ಮೇಲೆ ಅದೇ ಮೂಳೆಗಳು ನಿಮ್ಮ ಬೆನ್ನಿಗೂ ರೆಕ್ಸಿನ್‌ಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಅವು ಸರಿಯಾದ ಜಾಗದಲ್ಲಿ ಸಿಕ್ಕಿಕೊಂಡರೆ ಭುಜ ಉಳಿಯುತ್ತದೆ. ಆದ್ದರಿಂದ ನಾನು ಹೊಸಬರಿಗೆ ಮೊದಲು ಪುಶ್‌ಅಪ್ ಮಾಡಿಸುತ್ತೇನೆ. ಒಂದು ಪುಶ್‌ಅಪ್ಪಿನಲ್ಲಿ ಮೈತೂಕದ ಸುಮಾರು ಮೂರನೇ ಎರಡು ಭಾಗ ಕೈ ಮೇಲೆ ಬೀಳುತ್ತದೆ. ಸೊಂಟ ಜೋತುಬೀಳದಂತೆ 15 ತೆಗೆಯುವವರೆಗೆ ರಾಡಿಗೆ ಅವಸರ ಬೇಡ.

ಮಲಗುವ ಮುಂಚೆ ನೋಡಬೇಕಾದದ್ದು

ಸ್ಪರ್ಧೆಯ ರಾಡಿನ ತೂಕ 20 ಕೆಜಿ, ಉದ್ದ ಸುಮಾರು 2.2 ಮೀಟರ್. ನಮ್ಮ ಕಡೆಯ ಸಣ್ಣ ಜಿಮ್ಮುಗಳಲ್ಲಿ ಇರುವುದು ಹೆಚ್ಚಾಗಿ ಲೇತ್‌ನಲ್ಲಿ ಮಾಡಿಸಿದ ರಾಡ್. ಕೆಲವು 8 ಕೆಜಿ, ಕೆಲವು 12, ಕೆಲವು 15. ಪ್ಲೇಟಿನ ಮೇಲೆ ಎರಕ ಹೊಯ್ದ ಅಂಕಿಯನ್ನೂ ಪೂರ್ತಿ ನಂಬಬೇಡಿ. ನಾನೊಮ್ಮೆ ನಮ್ಮ ಪ್ಲೇಟುಗಳನ್ನೆಲ್ಲ ಗಾಡಿಗೆ ಹಾಕಿಕೊಂಡು ಹೋಗಿ ಮಂಡಿಯ ತೂಕದ ಯಂತ್ರದ ಮೇಲೆ ಇಟ್ಟೆ. 20 ಎಂದು ಬರೆದಿದ್ದ ಎರಡು ಪ್ಲೇಟಿಗೂ ಒಂದೂವರೆ ಕೆಜಿ ವ್ಯತ್ಯಾಸ ಇತ್ತು. ಅಂದರೆ ಅಷ್ಟು ದಿನ ಎಲ್ಲರೂ ಒಂದು ಬದಿಗೆ ಭಾರ ಹೆಚ್ಚಿಟ್ಟುಕೊಂಡು ಒತ್ತುತ್ತಿದ್ದರು. ಅವತ್ತೇ ಬಿಳಿ ಪೇಂಟಿನಲ್ಲಿ ನಿಜವಾದ ತೂಕ ಬರೆಸಿದೆ. ನಿಮ್ಮ ಜಿಮ್ಮಿನ ಮಾಲೀಕರನ್ನು ಕೇಳಿ, ಒಂದು ಬೆಳಗಿನ ಕೆಲಸ ಅಷ್ಟೆ.

ಹುಕ್ಕಿನ ಎತ್ತರ ಮುಖ್ಯ. ಮಲಗಿ ಕೈ ಚಾಚಿ ರಾಡ್ ಹಿಡಿದರೆ ಮೊಣಕೈ ಸ್ವಲ್ಪ ಮಡಿಸಿರಬೇಕು; ಮೂರು ನಾಲ್ಕು ಸೆಂಟಿಮೀಟರ್ ಎತ್ತಿದರೆ ರಾಡ್ ಹುಕ್ಕಿನಿಂದ ಈಚೆ ಬರಬೇಕು. ಹುಕ್ಕು ಅದಕ್ಕಿಂತ ಮೇಲಿದ್ದರೆ ರಾಡ್ ಎಟುಕಿಸಿಕೊಳ್ಳಲು ಭುಜ ಮುಂದಕ್ಕೆ ಚಾಚಬೇಕಾಗುತ್ತದೆ, ಮೊದಲ ರೆಪ್ಪಿಗೆ (ಒಮ್ಮೆ ಇಳಿಸಿ ಒತ್ತಿದರೆ ಒಂದು ರೆಪ್) ಮುಂಚೆಯೇ ಎಲ್ಲ ಕೆಡುತ್ತದೆ. ತೀರಾ ಕೆಳಗಿದ್ದರೆ ಭಾರವನ್ನು ಹೊರತೆಗೆಯುವುದೇ ಒಂದು ಸೆಟ್ಟಿನಷ್ಟು, ಅಂದರೆ ಬಿಡುವಿಲ್ಲದೆ ಮಾಡುವ ಒಂದು ಸುತ್ತಿನ ರೆಪ್ಪುಗಳಷ್ಟು, ಸುಸ್ತು.

ಬೆಂಚಿನ ರೆಕ್ಸಿನ್ ನುಣುಪಾಗಿ, ಬೆವರು ಕೂತಿದ್ದರೆ ಒರೆಸಿಕೊಳ್ಳಿ. ಜಾರುವ ನೈಲಾನ್ ಟೀ ಶರ್ಟಿಗಿಂತ ಹತ್ತಿಯದು ಮೇಲು. ಬೆನ್ನು ಜಾರಿದರೆ ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಸ್ಪರ್ಧೆಯ ಬೆಂಚು ನೆಲದಿಂದ 42ರಿಂದ 45 ಸೆಂಟಿಮೀಟರ್ ಎತ್ತರ ಇರುತ್ತದೆ. ಕುಳ್ಳಗಿರುವವರ ಪಾದ ನೆಲಕ್ಕೆ ಸರಿಯಾಗಿ ಎಟುಕದಿದ್ದರೆ ಎರಡೂ ಕಡೆ ಒಂದೊಂದು ದಪ್ಪ ಪ್ಲೇಟು ಇಟ್ಟು ಅದರ ಮೇಲೆ ಪಾದ ಊರಿ. ಕಾಲನ್ನು ಬೆಂಚಿನ ಮೇಲೆ ಮಡಿಸಿಟ್ಟುಕೊಳ್ಳುವುದು, ಗಾಳಿಯಲ್ಲಿ ಎತ್ತುವುದು ಬೇಡ.

ಬೆನ್ನು ಮೊದಲು

ಮಲಗಿದಾಗ ಕಣ್ಣು ರಾಡಿನ ನೇರ ಕೆಳಗೆ ಇರಲಿ. ಇನ್ನೂ ಮೇಲಕ್ಕೆ ಸರಿದರೆ ಒತ್ತುವಾಗ ರಾಡ್ ಹುಕ್ಕಿಗೆ ಬಡಿಯುತ್ತದೆ. ಕೆಳಕ್ಕೆ ಸರಿದರೆ ಹೊರತೆಗೆಯುವ ದಾರಿ ಉದ್ದವಾಗುತ್ತದೆ.

ಈಗ ಮುಖ್ಯವಾದದ್ದು. ಎರಡು ರೆಕ್ಕೆ ಮೂಳೆಗಳ ನಡುವೆ ಯಾರೋ ಒಂದು ಒಣಮೆಣಸಿನಕಾಯಿ ಇಟ್ಟಿದ್ದಾರೆ ಅಂದುಕೊಳ್ಳಿ. ಅದನ್ನು ಹಿಸುಕಿ ಮುರಿಯಬೇಕು. ಹಾಗೆ ಹಿಸುಕಿಕೊಂಡೇ ಭುಜಗಳನ್ನು ಕಿವಿಯಿಂದ ದೂರಕ್ಕೆ, ಸೊಂಟದ ಕಡೆಗೆ ಇಳಿಸಿ. ಹಿಂದಕ್ಕೆ ಎಳೆಯುವುದು, ಕೆಳಕ್ಕೆ ಇಳಿಸುವುದು, ಎರಡೂ ಆಗಬೇಕು. ಬರೀ ಹಿಂದಕ್ಕೆ ಎಳೆದರೆ ಭುಜ ಕಿವಿಯ ಹತ್ತಿರ ಏರಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಸರಿಯಾಗಿ ಮಾಡಿದರೆ ಎದೆ ತಾನಾಗಿ ಮೇಲೆ ಉಬ್ಬುತ್ತದೆ, ಬೆನ್ನಿನ ಮೇಲ್ಭಾಗ ಬೆಂಚಿನಲ್ಲಿ ಹೂತ ಹಾಗೆ ಅನಿಸುತ್ತದೆ. ಸೊಂಟದ ಕೆಳಗೆ ಒಂದು ಅಂಗೈ ತೂರುವಷ್ಟು ಕಮಾನು ಬರುತ್ತದೆ. ಆ ಕಮಾನು ತಪ್ಪಲ್ಲ. ಬೆನ್ನುಮೂಳೆಗೆ ಸಹಜವಾಗಿ ಇರುವ ಬಾಗು ಅದು. ಆದರೆ ಪೃಷ್ಠ ಬೆಂಚಿಗೆ ತಾಗಿಯೇ ಇರಬೇಕು. ತಲೆ, ಬೆನ್ನಿನ ಮೇಲ್ಭಾಗ, ಪೃಷ್ಠ, ಎರಡು ಪಾದ: ಈ ಐದು ಜಾಗ ಸೆಟ್ ಮುಗಿಯುವವರೆಗೆ ಕದಲಬಾರದು.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ರೆಕ್ಕೆ ಮೂಳೆ ಹಿಂದಕ್ಕೆ ಹೋದಾಗ ಭುಜದ ಬಟ್ಟಲು ತೋಳಿಗೆ ಎದುರಾಗಿ ತಿರುಗುತ್ತದೆ, ಭಾರ ಎದೆಯ ದೊಡ್ಡ ಸ್ನಾಯುವಿನ ಮೇಲೆ ಬೀಳುತ್ತದೆ. ಭುಜ ಮುಂದಕ್ಕೆ ಬಂದಿದ್ದರೆ ಅದೇ ಭಾರ ಕೀಲಿನ ಮುಂಭಾಗದ ಸಣ್ಣ ಸ್ನಾಯುರಜ್ಜುಗಳ ಮೇಲೆ ಬೀಳುತ್ತದೆ. ಮಂಡಿ ಹುಡುಗನಿಗೆ ಎರಡು ವಾರ ಇದನ್ನೇ ಮಾಡಿಸಿದೆ, ಕೈಯಲ್ಲಿ ಬರೀ ರಾಡ್. "ಅಣ್ಣಾ, ಪ್ಲೇಟ್ ಯಾವಾಗ?" ಅಂತ ದಿನಾ ಕೇಳುತ್ತಿದ್ದ. ರೆಕ್ಕೆ ಬಿಚ್ಚಿಕೊಳ್ಳದೆ 12 ರೆಪ್ ಬಂದ ದಿನ ಹಾಕಿಕೊಟ್ಟೆ.

ಕಾಲಿನ ಮಾತು. ಪಾದವನ್ನು ಮೊಣಕಾಲಿನ ಕೆಳಗೆ ಅಥವಾ ಸ್ವಲ್ಪ ಹಿಂದಕ್ಕೆ ಊರಿ, ಹಿಮ್ಮಡಿ ನೆಲಕ್ಕೆ ಒತ್ತಿ. ಒತ್ತುವ ದಿಕ್ಕು ಮೇಲಕ್ಕಲ್ಲ. ನೆಲವನ್ನು ಮುಂದಕ್ಕೆ ತಳ್ಳಿ, ಮೈಯನ್ನು ತಲೆಯ ಕಡೆಗೆ ಜರುಗಿಸುವಂತೆ. ಮೇಲಕ್ಕೆ ಒತ್ತಿದರೆ ಪೃಷ್ಠ ಏಳುತ್ತದೆ. ತೊಡೆ ಬಿಗಿದಿರಲಿ.

ಕಾಲಿನ ಬಲ ಸಹಾಯಕ್ಕೆ ಮಾತ್ರ, ಅದೇ ಸರ್ವಸ್ವ ಅಲ್ಲ ಅನ್ನುವುದನ್ನು ಅಂಗವಿಕಲರ ಪ್ಯಾರಾ ಪವರ್‌ಲಿಫ್ಟಿಂಗ್ ನೋಡಿದವರಿಗೆ ಹೇಳಬೇಕಿಲ್ಲ. ಅಲ್ಲಿ ಇರುವುದೊಂದೇ ಸ್ಪರ್ಧೆ, ಬೆಂಚ್ ಪ್ರೆಸ್. ಕಾಲನ್ನು ಬೆಂಚಿನ ಮೇಲೇ ಚಾಚಿ ಪಟ್ಟಿ ಬಿಗಿದುಕೊಂಡು ಎತ್ತುತ್ತಾರೆ. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಇರಾನಿನ ಸಿಯಾಮಂದ್ ರಹಮಾನ್ 310 ಕೆಜಿ ಎತ್ತಿದರು. ನಮ್ಮವರೇ ಆದ ರಾಜಿಂದರ್ ಸಿಂಗ್ ರಾಹೇಲು 2004ರ ಅಥೆನ್ಸ್‌ನಲ್ಲಿ ಕಂಚು ತಂದರು, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಸುಧೀರ್ ಚಿನ್ನ ಗೆದ್ದರು. ಅವರ ವಿಡಿಯೊಗಳನ್ನು ಹುಡುಕಿ ನೋಡಿ. ಭಾರ ಇಳಿಯುವಾಗ ಬೆನ್ನಿನ ಮೇಲ್ಭಾಗ ಬಂಡೆಯಂತೆ ಇರುವುದನ್ನು ಗಮನಿಸಿ.

ಹಿಡಿತ

ರಾಡನ್ನು ಬೆರಳಲ್ಲಿ ಹಿಡಿಯಬೇಡಿ. ಅಂಗೈಯ ಬುಡದಲ್ಲಿ, ಹೆಬ್ಬೆರಳಿನ ದಿಂಡಿನ ಪಕ್ಕ, ಮುಂಗೈ ಮೂಳೆಯ ನೇರಕ್ಕೆ ಕೂರಿಸಿ. ಅಂಗೈಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಇಟ್ಟರೆ ರಾಡ್ ಅಲ್ಲಿಗೇ ಬರುತ್ತದೆ. ಆಮೇಲೆ ಬೆರಳು ಸುತ್ತಿ, ಹೆಬ್ಬೆರಳನ್ನು ಆಚೆ ಬದಿಯಿಂದ ತಂದು ಮುಚ್ಚಿ. ಮಣಿಕಟ್ಟು ನೆಟ್ಟಗೆ ಅಥವಾ ತೀರಾ ಸ್ವಲ್ಪ ಹಿಂದಕ್ಕೆ ಇರಲಿ. ಭಾರ ರಾಡಿನಿಂದ ಮುಂಗೈಗೆ, ಮೊಣಕೈಗೆ ಒಂದೇ ಗೆರೆಯಲ್ಲಿ ಇಳಿಯಬೇಕು.

ಹೆಬ್ಬೆರಳನ್ನು ಉಳಿದ ಬೆರಳಿನ ಬದಿಗೇ ಇಟ್ಟು ರಾಡನ್ನು ಬರೀ ಅಂಗೈ ಮೇಲೆ ಕೂರಿಸಿಕೊಳ್ಳುವವರಿದ್ದಾರೆ. ಮಣಿಕಟ್ಟಿಗೆ ಹಿತ ಅನ್ನುತ್ತಾರೆ. ಬೆವರಿದ ಕೈಯಿಂದ ರಾಡ್ ಜಾರಿದರೆ ಬೀಳುವುದು ಎದೆ ಅಥವಾ ಗಂಟಲಿನ ಮೇಲೆ. ನಮ್ಮ ಜಿಮ್ಮಿನಲ್ಲಿ ನಾನು ಇದಕ್ಕೆ ಬಿಡುವುದಿಲ್ಲ, ಎಷ್ಟೇ ಹಳೆಯ ಸದಸ್ಯನಾದರೂ.

ಅಗಲ ಎಷ್ಟು? ಸ್ಪರ್ಧೆಯ ರಾಡಿನ ಮೇಲೆ 81 ಸೆಂಟಿಮೀಟರ್ ಅಂತರದಲ್ಲಿ ಎರಡು ನುಣುಪು ಗೆರೆ ಇರುತ್ತವೆ. ಪವರ್‌ಲಿಫ್ಟಿಂಗ್‌ನಲ್ಲಿ ತೋರುಬೆರಳು ಅದರಾಚೆ ಹೋಗುವಂತಿಲ್ಲ. ಅದು ಗರಿಷ್ಠ ಮಿತಿ, ಎಲ್ಲರೂ ಅಲ್ಲೇ ಹಿಡಿಯಬೇಕೆಂದಲ್ಲ. ನಿಮ್ಮ ಅಳತೆ ತಿಳಿಯಲು ಬರೀ ರಾಡನ್ನು ಎದೆಗೆ ಇಳಿಸಿ, ಕಾಲಿನ ಕಡೆಯಿಂದ ಒಬ್ಬರು ನೋಡಲಿ. ಮುಂಗೈ ನೆಲಕ್ಕೆ ನೇರವಾಗಿ ಕಂಬದಂತೆ ನಿಂತಿದ್ದರೆ ಅದೇ ನಿಮ್ಮ ಹಿಡಿತ. ಮೊಣಕೈ ಒಳಗಿದ್ದು ಕೈ ಹೊರಗಿದ್ದರೆ ಹಿಡಿತ ಅಗಲವಾಯಿತು, ಮೊಣಕೈ ಹೊರಗಿದ್ದು ಕೈ ಒಳಗಿದ್ದರೆ ಕಿರಿದಾಯಿತು. ಸಾಮಾನ್ಯ ಎತ್ತರದ ಗಂಡಸರಿಗೆ ಕಿರುಬೆರಳು ಆ ಗೆರೆಯ ಮೇಲೆ ಅಥವಾ ಒಂದೆರಡು ಬೆರಳು ಒಳಗೆ ಬರುತ್ತದೆ. ಲೇತ್ ರಾಡಿನಲ್ಲಿ ಗೆರೆ ಇರುವುದಿಲ್ಲ. ಒಂದು ಸಲ ಟೇಪಿನಲ್ಲಿ ಅಳೆದು ಬಣ್ಣದ ಇನ್ಸುಲೇಷನ್ ಟೇಪು ಸುತ್ತಿಬಿಡಿ. ದಿನಾ ಅದೇ ಜಾಗದಲ್ಲಿ ಹಿಡಿದರೆ ರಾಡ್ ಓರೆಯಾಗುವ ಅರ್ಧ ತೊಂದರೆ ಹೋಗುತ್ತದೆ.

ಇಳಿಸುವುದು, ಒತ್ತುವುದು

ರಾಡನ್ನು ಹುಕ್ಕು ದಾಟುವಷ್ಟು ಮಾತ್ರ ಎತ್ತಿ, ಮುಂದಕ್ಕೆ ಎಳೆದು ತೆಗೆಯಿರಿ. ಹಿಂದೆ ನಿಂತವರು ಕೈ ಕೊಟ್ಟರೆ ಇನ್ನೂ ಒಳ್ಳೆಯದು. ಕೈ ನೆಟ್ಟಗಿದ್ದು ರಾಡ್ ಭುಜದ ಕೀಲಿನ ನೇರ ಮೇಲೆ ಬಂದು ನಿಲ್ಲಲಿ. ಒಂದು ಕ್ಷಣ ತಡೆಯಿರಿ. ತೂಗಾಡುವುದು ನಿಂತ ಮೇಲೆ ಹೊಟ್ಟೆ ತುಂಬ ಉಸಿರೆಳೆದು ಹಿಡಿಯಿರಿ.

ಈಗ ಇಳಿಸಿ. ಮನಸ್ಸಿನಲ್ಲಿ 'ಒಂದು, ಎರಡು' ಎಣಿಸುವಷ್ಟು ಸಮಯ. ರಾಡ್ ತಾನಾಗಿ ಬೀಳಬಾರದು, ನೀವೇ ಎಳೆದು ತರಬೇಕು. ಸೇದುವ ಬಾವಿಯ ಹಗ್ಗ ಎಳೆಯುವಾಗ ಬೆನ್ನು ಬಿಗಿಯುತ್ತದಲ್ಲ, ಹಾಗೆ. ಮೊಣಕೈ ಮೈಯಿಂದ ಎಷ್ಟು ದೂರ ಅನ್ನುವಲ್ಲೇ ಹೆಚ್ಚು ಜನ ಕೆಡುವುದು. ಮೊಣಕೈಯನ್ನು ಭುಜದ ನೇರಕ್ಕೆ 90 ಡಿಗ್ರಿ ಬಿಚ್ಚಿದರೆ ಮೈ ಇಂಗ್ಲಿಷ್ ಟಿ ಅಕ್ಷರದಂತೆ ಕಾಣುತ್ತದೆ. ಭುಜದ ಚಾವಣಿಯ ಮೂಳೆಗೂ ತೋಳಿನ ಗುಂಡಿಗೂ ನಡುವಿನ ಸಂದಿಯಲ್ಲಿ ಸ್ನಾಯುರಜ್ಜು ಉಜ್ಜಿಕೊಳ್ಳುತ್ತದೆ. ಪಕ್ಕೆಗೆ ಪೂರ್ತಿ ಅಂಟಿಸಿದರೆ ಎದೆಯ ಕೆಲಸ ತಗ್ಗಿ ಟ್ರೈಸೆಪ್ಸ್ ಒಂದೇ ಒದ್ದಾಡುತ್ತದೆ. 45ರಿಂದ 70 ಡಿಗ್ರಿ ಒಳಗೆ ಎಲ್ಲೋ ನಿಮ್ಮ ಜಾಗ ಇದೆ. ಮೇಲಿನಿಂದ ನೋಡಿದರೆ ಬಾಣದ ಮೊನೆಯ ಆಕಾರ.

ಇದನ್ನು ನಾನು ನೋವು ತಿಂದು ಕಲಿತವನು. ಇಪ್ಪತ್ತೆರಡರ ವಯಸ್ಸಿನಲ್ಲಿ ಬೇರೆ ಊರಿನ ಒಂದು ಜಿಮ್ಮಿನಲ್ಲಿದ್ದಾಗ ಸೀನಿಯರ್ ಒಬ್ಬರು ರಾಡನ್ನು ಕತ್ತಿನ ಹತ್ತಿರ ಇಳಿಸು, ಮೊಣಕೈ ಪೂರ್ತಿ ಬಿಚ್ಚು, ಆಗಲೇ ಎದೆ ಅಗಲ ಆಗೋದು ಅಂದರು. ಆರು ತಿಂಗಳು ಹಾಗೇ ಮಾಡಿದೆ. ಆಮೇಲೆ ಬಲ ಭುಜದ ಮುಂಭಾಗದಲ್ಲಿ ಚುಚ್ಚಲು ಶುರುವಾಯಿತು. ಅಡುಗೆಮನೆಯ ಮೇಲಿನ ಅಟ್ಟದಿಂದ ಡಬ್ಬ ತೆಗೆಯಲು ಆಗುತ್ತಿರಲಿಲ್ಲ, ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಎಂಟು ತಿಂಗಳು ರಾಡ್ ಮುಟ್ಟಲಿಲ್ಲ.

ರಾಡ್ ತಾಗುವ ಜಾಗ ಮೊಲೆತೊಟ್ಟಿನ ಮಟ್ಟ ಅಥವಾ ಅದಕ್ಕಿಂತ ತುಸು ಕೆಳಗೆ, ಎದೆಮೂಳೆಯ ಕೆಳತುದಿಯ ಹತ್ತಿರ. ಪಕ್ಕದಿಂದ ನೋಡಿದರೂ ಮುಂಗೈ ಕಂಬದಂತೆ ನಿಂತಿರಬೇಕು. ಎದೆಗೆ ತಾಗಲಿ, ಬಡಿಯದಿರಲಿ. ಪಕ್ಕೆಲುಬಿನ ಮೇಲೆ ರಾಡ್ ಪುಟಿಸಿ ಎತ್ತುವವರನ್ನು ದಿನಾ ನೋಡುತ್ತೇನೆ. ಎದೆ ಹೆಚ್ಚು ಹಿಗ್ಗಿ ಕಷ್ಟಪಡಬೇಕಾದ ಜಾಗದಲ್ಲೇ ಅವರು ತಪ್ಪಿಸಿಕೊಳ್ಳುತ್ತಿದ್ದಾರೆ. ಸ್ಪರ್ಧೆಯಲ್ಲಿ ರಾಡ್ ಎದೆಯ ಮೇಲೆ ಅಲ್ಲಾಡದೆ ನಿಂತ ಮೇಲೆ ರೆಫ್ರಿ 'ಪ್ರೆಸ್' ಅನ್ನುತ್ತಾರೆ, ಆಮೇಲೆ ಒತ್ತಬೇಕು. ನೀವೂ ಅರ್ಧ ಸೆಕೆಂಡು ನಿಲ್ಲಿಸಿ ಅಭ್ಯಾಸ ಮಾಡಿ. ಭಾರ ಹತ್ತು ಕೆಜಿ ಇಳಿಸಬೇಕಾಗಬಹುದು, ಇಳಿಸಿ.

ಒತ್ತುವಾಗ ರಾಡ್ ನೆಟ್ಟಗೆ ಮೇಲೆ ಹೋಗುವುದಿಲ್ಲ. ಇಳಿದದ್ದು ಎದೆಯ ಕೆಳಭಾಗಕ್ಕೆ, ನಿಲ್ಲಬೇಕಾದದ್ದು ಭುಜದ ಮೇಲೆ. ಹಾಗಾಗಿ ಮೇಲಕ್ಕೂ ಸ್ವಲ್ಪ ಮುಖದ ಕಡೆಗೂ ಓರೆಯಾಗಿ ತಳ್ಳಿ. ರಾಡ್ ಭುಜದ ಕೀಲಿನಿಂದ ದೂರ ಇದ್ದಷ್ಟೂ ಭುಜಕ್ಕೆ ಭಾರ ಹೆಚ್ಚು, ಏತದ ಕಂಬ ಉದ್ದವಾದಂತೆ. ಬೇಗ ಭುಜದ ಮೇಲೆ ತಂದುಕೊಂಡರೆ ಭಾರ ಹಗುರಾಗುತ್ತದೆ. ಹೆಚ್ಚಿನವರಿಗೆ ರಾಡ್ ಎದೆಯಿಂದ ಎದ್ದು ಸ್ವಲ್ಪ ಮೇಲೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆ ಕಷ್ಟದ ಜಾಗ ದಾಟುವವರೆಗೆ ಉಸಿರು ಬಿಡಬೇಡಿ, ದಾಟಿದ ಮೇಲೆ ಬಿಡಿ. ಬಿಪಿ ಇರುವವರು ಮಾತ್ರ ಹೀಗೆ ಉಸಿರು ಕಟ್ಟಿ ಎತ್ತಬಾರದು. ಆ ಹೊತ್ತಿಗೆ ರಕ್ತದೊತ್ತಡ ತುಂಬ ಏರುತ್ತದೆ. ಡಾಕ್ಟರನ್ನು ಕೇಳಿ, ಹಗುರ ಭಾರದಲ್ಲಿ ಒತ್ತುತ್ತಲೇ ಉಸಿರು ಬಿಡುತ್ತಾ ಮಾಡಿ.

ಮೇಲೆ ಹೋದಾಗ ಕೈ ಪೂರ್ತಿ ಚಾಚಿ. ಆದರೆ ಇನ್ನೊಂದಿಂಚು ಎತ್ತಲು ಭುಜವನ್ನು ಬೆಂಚಿನಿಂದ ಎಬ್ಬಿಸಬೇಡಿ, ಮೆಣಸಿನಕಾಯಿ ಬಿದ್ದುಹೋಗುತ್ತದೆ. ಕೊನೆಯ ರೆಪ್ ಮುಗಿದ ಮೇಲೆ ಹುಕ್ಕನ್ನು ಕಣ್ಣಿನಿಂದ ಹುಡುಕಬೇಡಿ. ಕೈ ನೆಟ್ಟಗಿಟ್ಟುಕೊಂಡೇ ರಾಡನ್ನು ಹಿಂದಕ್ಕೆ ತಂದು ಕಂಬಕ್ಕೆ ತಾಗಿಸಿ, ಎರಡೂ ಕಡೆ ತಾಗಿದ ಸದ್ದು ಕೇಳಿದ ಮೇಲೆ ಇಳಿಸಿ.

ಸಪೋರ್ಟ್ ಇದ್ದಾಗ, ಇಲ್ಲದಾಗ

ಸಪೋರ್ಟಿಗೆ ನಿಂತವರಿಗೆ ಎಷ್ಟು ರೆಪ್ ಎಂದು ಮೊದಲೇ ಹೇಳಿ. ಅವರು ರಾಡ್ ಮುಟ್ಟಬಾರದು, ಕೈ ಕೆಳಗಿಟ್ಟುಕೊಂಡು ಕಾಯಬೇಕು. ರಾಡ್ ನಿಂತರೆ ಅಥವಾ ಕೆಳಗಿಳಿಯಲು ಶುರುವಾದರೆ ಮಾತ್ರ ಎರಡೂ ಕೈಯಿಂದ ಸಮವಾಗಿ ಎತ್ತಬೇಕು. ಮೊದಲ ರೆಪ್ಪಿನಿಂದಲೇ "ನಿಂದೇ, ನಿಂದೇ" ಅಂತ ಕೂಗುತ್ತಾ ಅರ್ಧ ಭಾರ ತಾನೇ ಎತ್ತುವ ಗೆಳೆಯನಿಂದ ನಿಮಗೆ ಉಪಕಾರ ಇಲ್ಲ. ನಿಮ್ಮ ನಿಜವಾದ ಬಲ ಎಷ್ಟು ಎಂದು ನಿಮಗೇ ಗೊತ್ತಾಗುವುದಿಲ್ಲ.

ಒಬ್ಬರೇ ಇದ್ದರೆ ರ್‍ಯಾಕಿನ ಸೇಫ್ಟಿ ಪಿನ್ನುಗಳನ್ನು (ರಾಡ್ ಬಿದ್ದರೆ ತಡೆಯುವ ಅಡ್ಡ ಕಂಬಿಗಳು) ಎದೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಾಕಿಕೊಳ್ಳಿ. ಕಮಾನು ಇದ್ದಾಗ ರಾಡ್ ಎದೆಗೆ ತಾಗಬೇಕು, ಕಮಾನು ಬಿಟ್ಟರೆ ಪಿನ್ನಿನ ಮೇಲೆ ಕೂರಬೇಕು. ಪಿನ್ ಇಲ್ಲದ ಬರೀ ಬೆಂಚು ಆದರೆ ಪ್ಲೇಟಿಗೆ ಲಾಕ್ ಹಾಕಬೇಡಿ. ಸಿಕ್ಕಿಕೊಂಡರೆ ರಾಡನ್ನು ಒಂದು ಬದಿಗೆ ವಾಲಿಸಿ, ಪ್ಲೇಟ್ ಜಾರಿ ಬೀಳುತ್ತದೆ. ಆಗ ಇನ್ನೊಂದು ಬದಿ ರಭಸದಿಂದ ಎಗರುತ್ತದೆ, ಪಕ್ಕದಲ್ಲಿ ಯಾರೂ ಇಲ್ಲ ಎಂದು ನೋಡಿಕೊಂಡಿರಿ. ನಾನು ಒಂದು ಬೆಳಗ್ಗೆ ಐದೂವರೆಗೆ ಒಬ್ಬನೇ, ಲಾಕ್ ಹಾಕಿಕೊಂಡು, 70 ಕೆಜಿ ಕೆಳಗೆ ಸಿಕ್ಕಿಕೊಂಡೆ. ವಾಲಿಸಿದರೆ ಪ್ಲೇಟ್ ಜಾರಲಿಲ್ಲ. ಕೊನೆಗೆ ರಾಡನ್ನು ಹೊಟ್ಟೆಯ ಮೇಲೆ ಉರುಳಿಸಿಕೊಂಡು ಸೊಂಟಕ್ಕೆ ತಂದು ಎದ್ದು ಕೂತೆ. ಹೊಟ್ಟೆಯ ಮೇಲಿನ ನೀಲಿ ಪಟ್ಟಿ ಹೋಗಲು ಎರಡು ವಾರ ಹಿಡಿಯಿತು. ಒಬ್ಬರೇ ಇದ್ದ ದಿನ ಇನ್ನೂ ಎರಡು ರೆಪ್ ಬರುತ್ತದೆ ಅನ್ನುವಾಗಲೇ ನಿಲ್ಲಿಸಿಬಿಡಿ.

ಎಷ್ಟು, ಎಷ್ಟು ಸಲ

ಹೊಸಬರಿಗೆ ವಾರಕ್ಕೆ ಎರಡು ಸಲ ಸಾಕು, ನಡುವೆ ಎರಡು ದಿನ ಬಿಡುವು. ಮೂರು ಸೆಟ್, ಸೆಟ್ಟಿಗೆ 8 ರೆಪ್. ಸೆಟ್ಟುಗಳ ನಡುವೆ ಎರಡರಿಂದ ಮೂರು ನಿಮಿಷ ಸುಮ್ಮನೆ ಕೂರಿ. ಮೂರೂ ಸೆಟ್ಟಿನಲ್ಲಿ ಎಲ್ಲ ರೆಪ್ ಅಚ್ಚುಕಟ್ಟಾಗಿ ಬಂದರೆ ಮುಂದಿನ ಸಲ ಬದಿಗೆ 1.25 ಕೆಜಿಯಂತೆ ಒಟ್ಟು 2.5 ಕೆಜಿ ಏರಿಸಿ. ಜಿಮ್ಮಿನಲ್ಲಿ 1.25ರ ಪ್ಲೇಟ್ ಇಲ್ಲದಿದ್ದರೆ ಒಂದು ಜೊತೆ ನೀವೇ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಒಮ್ಮೆಗೇ ಐದು, ಹತ್ತು ಏರಿಸುವುದರಿಂದಲೇ ಹೆಚ್ಚಿನವರ ಭಂಗಿ ಕೆಡುತ್ತದೆ. ಹುಡುಗಿಯರಿಗೂ ಇದೇ ಕ್ರಮ. 15 ಅಥವಾ 10 ಕೆಜಿ ರಾಡಿನಿಂದ ಶುರು ಮಾಡಿ.

ನೇರವಾಗಿ ದೊಡ್ಡ ಭಾರಕ್ಕೆ ಹೋಗಬೇಡಿ. ಅವತ್ತಿನ ಕೆಲಸ 60 ಕೆಜಿ ಅಂದರೆ, ಬರೀ 20ರ ರಾಡಿನಲ್ಲಿ 10, 40ರಲ್ಲಿ 5, 50ರಲ್ಲಿ 3, ಆಮೇಲೆ 60. ಚಳಿಗಾಲದ ಬೆಳಗ್ಗೆ ಆದರೆ ರಾಡಿನಲ್ಲಿ ಇನ್ನೊಂದು ಸೆಟ್ ಸೇರಿಸಿ.

ಎಷ್ಟು ಒತ್ತುತ್ತೀರೋ ಅಷ್ಟೇ ಎಳೆಯಿರಿ: ರೋಯಿಂಗ್, ಪುಲ್‌ಅಪ್. ಸೋಮವಾರ ಎಲ್ಲ ಜಿಮ್ಮಿನಲ್ಲೂ ಬೆಂಚಿಗೆ ಕ್ಯೂ, ರೋಯಿಂಗ್ ಮಾಡುವ ಜಾಗ ಖಾಲಿ. ಬೆನ್ನು ಬಲವಿಲ್ಲದೆ ರೆಕ್ಕೆಗಳನ್ನು ಹಿಡಿದಿಡುವವರು ಯಾರು? ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುದ್ದೆ ಬಿಡಬೇಡಿ, ಅದರ ಜೊತೆ ಅವರೆಕಾಳು, ಹುರುಳಿಕಾಳಿನ ಸಾರು ಗಟ್ಟಿಯಾಗಿರಲಿ, ಮೊಟ್ಟೆ, ಹಾಲು, ತಿನ್ನುವವರಾದರೆ ಕೋಳಿ ಸೇರಿಸಿ.

ಇಂಜೆಕ್ಷನ್ ವಿಷಯ ಮಾತ್ರ ಹೇಳಲೇಬೇಕು. ಮೂರು ತಿಂಗಳಲ್ಲಿ 100 ಕೆಜಿ ಬೆಂಚ್ ಅಂತ ಯಾರಾದರೂ ಸ್ಟೀರಾಯ್ಡ್ ಕೊಡಲು ಬಂದರೆ ಎದ್ದು ಬನ್ನಿ. ಹೃದಯಕ್ಕೆ, ಲಿವರಿಗೆ ಮಾಡುವ ಹಾನಿ ಒಂದು ಕಡೆ ಇರಲಿ. ಸ್ನಾಯು ಬೇಗ ಬಲವಾಗುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ರಜ್ಜು ಅಷ್ಟು ಬೇಗ ಬಲವಾಗುವುದಿಲ್ಲ. ಎದೆಯ ದೊಡ್ಡ ಸ್ನಾಯು ಹರಿಯುವ ಪ್ರಕರಣಗಳಲ್ಲಿ ಬೆಂಚ್ ಪ್ರೆಸ್ ಮಾಡುವಾಗ ಆಗುವವೇ ಹೆಚ್ಚು, ಅದೂ ರಾಡ್ ಇಳಿದು ಕೆಳಗೆ ಬರುವ ಹೊತ್ತಿನಲ್ಲಿ. ಕಂಕುಳ ಹತ್ತಿರ 'ಟಪ್' ಎಂದು ಹರಿದಂತೆ ಸದ್ದು, ತೋಳು ನೀಲಿಗಟ್ಟುವುದು, ಕಂಕುಳ ಮುಂಭಾಗದ ಮಡಿಕೆ ಒಂದು ಬದಿ ಮಾಯವಾಗುವುದು ಇದರ ಲಕ್ಷಣ. ಎಣ್ಣೆ ಹಚ್ಚಿ ನೀವುತ್ತಾ ವಾರಗಟ್ಟಲೆ ಕಾಯಬೇಡಿ. ಆದಷ್ಟು ಬೇಗ ಮೂಳೆ ಡಾಕ್ಟರ ಹತ್ತಿರ ಹೋಗಿ. ತಡವಾದಷ್ಟೂ ಹೊಲಿಯುವುದು ಕಷ್ಟ.

ಮಾರನೇ ದಿನ ಎದೆ, ತೋಳು ತುಂಬ ಬಿಗಿದುಕೊಂಡು ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಭುಜದ ಕೀಲಿನ ಒಳಗೆ ಸೂಜಿಯಂತೆ ಚುಚ್ಚುವುದು, ಕೈಗೆ ಜೋಮು ಹರಿಯುವುದು ಸಹಜವಲ್ಲ. ಚುಚ್ಚಿದ ದಿನವೇ ನಿಲ್ಲಿಸಿ, ಡಂಬೆಲ್ಲಿನಲ್ಲಿ ಅಂಗೈ ಎದುರುಬದುರಾಗಿಟ್ಟು ಹಗುರವಾಗಿ ಮಾಡಿ ನೋಡಿ. ಅದರಲ್ಲೂ ಚುಚ್ಚಿದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ.

ನಿಮ್ಮನ್ನು ನೀವೇ ನೋಡಿ

ಕನ್ನಡಿ ಈ ವ್ಯಾಯಾಮಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಮಲಗಿರುತ್ತೀರಲ್ಲ. ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಬೆಂಚಿನ ಎತ್ತರಕ್ಕೆ, ಪಕ್ಕದಿಂದ ಒಂದು ಸೆಟ್, ಕಾಲಿನ ಕಡೆಯಿಂದ ಒಂದು ಸೆಟ್ ರೆಕಾರ್ಡ್ ಮಾಡಿ. ಪಕ್ಕದ ವಿಡಿಯೊದಲ್ಲಿ ಮುಂಗೈ ಕಂಬ ನಿಂತಿದೆಯಾ, ರಾಡ್ ಎಲ್ಲಿ ತಾಗಿತು, ಪೃಷ್ಠ ಎದ್ದಿತಾ ನೋಡಿ. ಕಾಲಿನ ಕಡೆಯದರಲ್ಲಿ ಎರಡು ಕೈ ಒಟ್ಟಿಗೆ ಏರಿದವಾ ನೋಡಿ. ಮೊದಲ ರೆಪ್ಪಿಗೂ ಕೊನೆಯದಕ್ಕೂ ಹೋಲಿಸಿ, ತಪ್ಪು ಇಣುಕುವುದು ಕೊನೆಯದರಲ್ಲಿ.

ಮಂಡಿ ಹುಡುಗ ಈಗ 65ರಲ್ಲಿ ಐದು ತೆಗೆಯುತ್ತಾನೆ. ರಾತ್ರಿ ಲೋಡಿಂಗ್ ಇದ್ದ ಮಾರನೇ ದಿನ ಬೆಂಚ್ ಮಾಡುವುದಿಲ್ಲ, ರಾಡ್ ಒಂದನ್ನೇ ಎತ್ತಿ ಹೋಗುತ್ತಾನೆ. ಮೊನ್ನೆ ಹೊಸಬನೊಬ್ಬ ಪಕ್ಕದ ಬೆಂಚಿನಲ್ಲಿ ಮಲಗಿದಾಗ ಅವನೇ ಹೋಗಿ, "ಮಗಾ, ಬೆರಳಲ್ಲಿ ಹಿಡೀಬೇಡ, ಇಲ್ಲಿ ಕೂರಿಸು" ಎಂದು ತನ್ನ ಅಂಗೈಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಅಲ್ಲೂ ಈಗ ಸಣ್ಣಗೆ ಕಾಯಿ ಕಟ್ಟಿದೆ.